ಏಳು ಕಲ್ಲಿನ ವಜ್ರದ ಓಲೆ ಕೊಳ್ಳುವ ಮುಂಚೆ: ಕಲ್ಲು ನೋಡುವುದು ಹೇಗೆ, ಬಿಲ್ ಓದುವುದು ಹೇಗೆ

ಮದುವೆ ಮಾತುಕತೆ ಶುರುವಾದ ಮನೆಯಲ್ಲಿ ವಜ್ರ ಅಂದರೆ ನಮ್ಮ ಕಡೆ ಮೊದಲು ಬಾಯಿಗೆ ಬರುವುದು ಏಳು ಕಲ್ಲಿನ ಓಲೆ. ನಡುವೆ ಒಂದು, ಸುತ್ತ ಆರು. ಎರಡು ಕಿವಿಗೆ ಸೇರಿ ಹದಿನಾಲ್ಕು ಕಲ್ಲು. ಆದರೆ ವಜ್ರದ ಗುಣಮಟ್ಟದ ಬಗ್ಗೆ ಓದಲು ಹೋದರೆ ಸಿಗುವುದೆಲ್ಲ ಒಂಟಿ ಕಲ್ಲಿನ ಉಂಗುರದ ಕಥೆ. ನಾಲ್ಕು ಸಿ (ಕಟ್, ಕಲರ್, ಕ್ಲಾರಿಟಿ, ಕ್ಯಾರೆಟ್), ಸರ್ಟಿಫಿಕೇಟ್, ಎಕ್ಸಲೆಂಟ್ ಕಟ್, ಅದೂ ಇದೂ. ಅದನ್ನೇ ಬಾಯಿಪಾಠ ಮಾಡಿಕೊಂಡು ಚಿಕ್ಕಪೇಟೆಗೋ ಜಯನಗರಕ್ಕೋ ಮೈಸೂರಿನ ಅಶೋಕ ರಸ್ತೆಗೋ ಹೋದರೆ ಅರ್ಧ ಮಾತ್ರ ಉಪಯೋಗಕ್ಕೆ ಬರುತ್ತದೆ. ಓಲೆಯಲ್ಲಿ ಒಂದು ಕಲ್ಲು ಚೆನ್ನಾಗಿದ್ದರೆ ಸಾಲದು. ಹದಿನಾಲ್ಕೂ ಒಂದೇ ಥರ ಇರಬೇಕು, ಅದನ್ನು ಬಿಲ್ಲಿನಲ್ಲಿ ಬರೆದುಕೊಡಬೇಕು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಜನ ವಿವಿಎಸ್ (ಕಲ್ಲಿನೊಳಗೆ ಚುಕ್ಕೆ-ಬಿರುಕು ಬಹಳ ಕಮ್ಮಿ ಅನ್ನುವ ಕ್ಲಾರಿಟಿ ದರ್ಜೆ) ಅನ್ನುವ ಮೂರಕ್ಷರಕ್ಕೆ ದುಡ್ಡು ಸುರಿಯುತ್ತಾರೆ, ಕಟಿಂಗ್ ಮತ್ತು ಜೋಡಿ ಹೊಂದಾಣಿಕೆ ಬಗ್ಗೆ ಕೇಳುವುದೇ ಇಲ್ಲ. ಉಲ್ಟಾ ಮಾಡಬೇಕು.

ಹಂತ 1: ತೂಕ ಸರಿಯಾಗಿ ಕೇಳಿಸಿಕೊಳ್ಳಿ

ವಜ್ರದ 1 ಕ್ಯಾರೆಟ್ ಅಂದರೆ 200 ಮಿಲಿಗ್ರಾಂ. ಅದನ್ನು ನೂರು ಭಾಗ ಮಾಡಿದರೆ ಒಂದು ಸೆಂಟ್. ಅಂಗಡಿಯವರು ಮಾತಾಡುವುದು ಸೆಂಟಿನಲ್ಲೇ. ಚಿನ್ನದ 18 ಕ್ಯಾರೆಟ್, 22 ಕ್ಯಾರೆಟ್ ಬೇರೆ, ಅದು ಶುದ್ಧತೆಯ ಲೆಕ್ಕ. ಎರಡೂ ಒಂದೇ ಬಿಲ್ಲಿನಲ್ಲಿ ಬರುವುದರಿಂದ ಹುಷಾರಾಗಿರಿ.

"ಒಂದು ಕ್ಯಾರೆಟ್ ಓಲೆ ಮೇಡಂ" ಅಂದರೆ ಸಾಮಾನ್ಯವಾಗಿ ಜೋಡಿಯ ಒಟ್ಟು ತೂಕ. ಅಂದರೆ ಒಂದೊಂದು ಕಲ್ಲು ಸುಮಾರು 7 ಸೆಂಟ್, ಅಗಲ ಸುಮಾರು 2.7 ಮಿಲಿಮೀಟರ್. ಎರಡು ಕ್ಯಾರೆಟ್ ಓಲೆಯಾದರೆ ಒಂದೊಂದು 14 ಸೆಂಟ್, ಅಗಲ ಸುಮಾರು 3.4 ಮಿಲಿಮೀಟರ್. ಗಮನಿಸಿ, ತೂಕ ಎರಡರಷ್ಟಾದರೂ ಅಗಲ ಎರಡರಷ್ಟಾಗಲಿಲ್ಲ. ಕಿವಿಯ ಮೇಲೆ ಎಷ್ಟು ದೊಡ್ಡದಾಗಿ ಕಾಣುತ್ತದೆ ಅನ್ನುವುದೇ ನಿಮಗೆ ಮುಖ್ಯವಾದರೆ ಕ್ಯಾರೆಟ್ ಬಿಟ್ಟು ಮಿಲಿಮೀಟರ್ ಕೇಳಿ. ಒಂದು ಸಣ್ಣ ಸ್ಕೇಲ್ ಪರ್ಸಿನಲ್ಲಿ ಇಟ್ಟುಕೊಂಡು ಹೋದರೂ ತಪ್ಪಿಲ್ಲ, ಯಾರು ನಕ್ಕರೆ ಏನು.

ಇನ್ನೊಂದು ವಿಷಯ ದುಡ್ಡಿಗೆ ಸಂಬಂಧಪಟ್ಟಿದ್ದು. ಕಲ್ಲು ದೊಡ್ಡದಾದಷ್ಟೂ ಕ್ಯಾರೆಟ್ಟಿನ ದರವೇ ಏರುತ್ತಾ ಹೋಗುತ್ತದೆ. ಹಾಗಾಗಿ 1 ಕ್ಯಾರೆಟ್ಟಿನ ಒಂಟಿ ಕಲ್ಲಿಗೂ, ಹದಿನಾಲ್ಕು ಸಣ್ಣ ಕಲ್ಲು ಸೇರಿ ಆದ 1 ಕ್ಯಾರೆಟ್ಟಿಗೂ ಬೆಲೆಯಲ್ಲಿ ಭಾರಿ ವ್ಯತ್ಯಾಸ ಇರುತ್ತದೆ, ಇರಲೇಬೇಕು. ಎರಡು ಅಂಗಡಿಯ ದರ ಹೋಲಿಸುವಾಗ ಒಂದೇ ಸೆಂಟಿನ ಕಲ್ಲುಗಳನ್ನೇ ಹೋಲಿಸಿ. ನಡುವಿನ ಕಲ್ಲು ಸ್ವಲ್ಪ ದೊಡ್ಡದಿದ್ದರೆ ಅದರ ತೂಕ, ದರ ಎರಡೂ ಬೇರೆ ಸಾಲಿನಲ್ಲಿ ಬರಲಿ.

ಹಂತ 2: ಕಟಿಂಗ್. ಇಲ್ಲಿ ಟೈಮ್ ತಗೊಳ್ಳಿ

ವಜ್ರ ಹೊಳೆಯುವುದು ಅದನ್ನು ಕೊರೆದ ರೀತಿಯಿಂದ. ಮೇಲಿನಿಂದ ಒಳಗೆ ಹೋದ ಬೆಳಕು ಕೆಳಗಿನ ಮುಖಗಳಿಗೆ ಬಡಿದು ಮತ್ತೆ ಮೇಲಕ್ಕೇ ಬರಬೇಕು. ಕಲ್ಲು ತೀರಾ ತೆಳ್ಳಗಿದ್ದರೆ ಬೆಳಕು ಕೆಳಗಿನಿಂದ ಸೋರಿಹೋಗುತ್ತದೆ. ಆಗ ಮಧ್ಯದಲ್ಲಿ ಗಾಜಿನ ಹಾಗೆ ಖಾಲಿ, ಅದರ ಸುತ್ತ ಒಂದು ಬೂದು ಉಂಗುರ ಕಾಣುತ್ತದೆ. ಇದನ್ನು ಫಿಶ್ ಐ ಅನ್ನುತ್ತಾರೆ. ತೀರಾ ಆಳ ಇದ್ದರೆ ನಡುವೆ ಕಪ್ಪಗೆ ಕತ್ತಲೆ. ಎರಡೂ ಬೇಡ. ಆಳ ಜಾಸ್ತಿ ಇರುವ ಕಲ್ಲಿನಲ್ಲಿ ಇನ್ನೊಂದು ನಷ್ಟ ಇದೆ. ತೂಕವೆಲ್ಲ ಹೊಟ್ಟೆಯಲ್ಲಿ ಅಡಗಿರುತ್ತದೆ, ಮೇಲಿನಿಂದ ನೋಡಿದರೆ ಕಲ್ಲು ಸಣ್ಣದು, ಆದರೆ ನೀವು ದುಡ್ಡು ಕೊಡುವುದು ತೂಕಕ್ಕೆ.

ಸಣ್ಣ ಕಲ್ಲುಗಳಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಇದು: "ಫುಲ್ ಕಟ್ಟಾ, ಸಿಂಗಲ್ ಕಟ್ಟಾ?" ಫುಲ್ ಕಟ್ ದುಂಡು ಕಲ್ಲಿಗೆ 57 ಅಥವಾ 58 ಮುಖಗಳು. ಸಿಂಗಲ್ ಕಟ್ಟಿಗೆ 17 ಅಥವಾ 18. ಸಿಂಗಲ್ ಕಟ್ ಕೆಟ್ಟದ್ದೇನಲ್ಲ, ತೀರಾ ಸಣ್ಣ ಕಲ್ಲಿಗೆ, ಹಳೆ ಒಡವೆಗಳಿಗೆ ಬಳಸುತ್ತಿದ್ದರು. ಆದರೆ 7 ಸೆಂಟಿನ ಕಲ್ಲಿಗೆ ಫುಲ್ ಕಟ್ ದರ ಕೊಟ್ಟು ಸಿಂಗಲ್ ಕಟ್ ತಂದರೆ ಮೋಸ ಹೋದ ಹಾಗೆ. ಕೊರೆಯದ ವಜ್ರ, ಅಂದರೆ ಪೋಲ್ಕಿ, ಬೇರೆಯದೇ ಲೋಕ. ಈ ಲೆಕ್ಕವನ್ನು ಅದಕ್ಕೆ ಹಚ್ಚಬೇಡಿ.

"ಬೆಲ್ಜಿಯಂ ಕಟಿಂಗ್" ಅನ್ನುವ ಮಾತು ಪ್ರತಿ ಅಂಗಡಿಯಲ್ಲೂ ಕೇಳಿಬರುತ್ತದೆ. ಬೆಲ್ಜಿಯಂನ ಆಂಟ್‌ವರ್ಪ್ ವಜ್ರದ ಹಳೆಯ ವ್ಯಾಪಾರ ಕೇಂದ್ರ, ಹೆಸರು ಬಂದಿದ್ದು ಅಲ್ಲಿಂದ. ಆದರೆ ಇವತ್ತು ಜಗತ್ತಿನ ಬಹುಪಾಲು ವಜ್ರ ಕಟ್ ಆಗುವುದು ನಮ್ಮ ಸೂರತ್‌ನಲ್ಲಿ. ಅಲ್ಲಿನ ಕೆಲಸ ಯಾರಿಗೂ ಕಮ್ಮಿ ಇಲ್ಲ. ಬೆಲ್ಜಿಯಂ ಕಟಿಂಗ್ ಅನ್ನುವುದು ಯಾವ ಪ್ರಯೋಗಾಲಯದ ಗ್ರೇಡೂ ಅಲ್ಲ, ಅದಕ್ಕೆ ಜಾಸ್ತಿ ದುಡ್ಡು ಕೇಳಿದರೆ "ಸರ್ಟಿಫಿಕೇಟಿನಲ್ಲಿ ಎಲ್ಲಿದೆ ತೋರಿಸಿ" ಅಂತ ಕೇಳಿ. ಸುಮ್ನಾಗುತ್ತಾರೆ.

ನೋಡುವ ಕ್ರಮ ಹೀಗೆ. ಅಂಗಡಿಯ ಸ್ಪಾಟ್‌ಲೈಟಿನ ಕೆಳಗೆ ಏನಿಟ್ಟರೂ ಮಿನುಗುತ್ತದೆ, ಅಮೆರಿಕನ್ ಡೈಮಂಡ್ ಕೂಡ. ಹಾಗಾಗಿ ಓಲೆಯನ್ನು ಕಿಟಕಿಯ ಹತ್ತಿರ ತನ್ನಿ, ನೇರ ಬಿಸಿಲು ಬೇಡ, ಮಾಮೂಲಿ ಹಗಲು ಬೆಳಕು ಸಾಕು. ನಿಧಾನವಾಗಿ ಆ ಕಡೆ ಈ ಕಡೆ ವಾಲಿಸಿ. ಏಳೂ ಕಲ್ಲಿನಲ್ಲಿ ಬಿಳಿ-ಕಪ್ಪು ಚೂರುಗಳು ಒಟ್ಟಿಗೇ ಆಡಬೇಕು. ಆರು ಕಲ್ಲು ಮಿನುಗಿ ಒಂದು ಮಂಕಾಗಿ ಕೂತಿದ್ದರೆ ಆ ಜೋಡಿ ವಾಪಸ್ ಕೊಡಿ. ಆಮೇಲೆ ಅಂಗಡಿಯ ಮೂಲೆಯಲ್ಲಿ, ಬೆಳಕು ಕಮ್ಮಿ ಇರುವ ಕಡೆ ನಿಂತು ಇನ್ನೊಮ್ಮೆ ನೋಡಿ. ಒಳ್ಳೆ ಕಟಿಂಗ್ ಅಲ್ಲೂ ಜೀವ ಇಟ್ಟುಕೊಂಡಿರುತ್ತದೆ.

ಜಿಐಎ ಪ್ರಯೋಗಾಲಯ ದುಂಡು ಕಲ್ಲುಗಳಿಗೆ ಎಕ್ಸಲೆಂಟ್‌ನಿಂದ ಪೂರ್ ತನಕ ಐದು ದರ್ಜೆಯ ಕಟ್ ಗ್ರೇಡ್ ಕೊಡುತ್ತದೆ. ಒಂಟಿ ಕಲ್ಲು ಕೊಳ್ಳುವವರು ಅದನ್ನು ನೋಡಲೇಬೇಕು. ಏಳು ಕಲ್ಲಿನ ಓಲೆಯ ಪುಟ್ಟ ಕಲ್ಲುಗಳಿಗೆ ಒಂದೊಂದಕ್ಕೂ ಅಂಥ ವರದಿ ಮಾಡಿಸುವವರು ಅಪರೂಪ. ಅಲ್ಲಿ ನಿಮ್ಮ ಕಣ್ಣೇ ಗತಿ.

ಹಂತ 3: ಬಣ್ಣ

ಬಣ್ಣದ ಪಟ್ಟಿ ಡಿ ಅಕ್ಷರದಿಂದ ಶುರುವಾಗಿ ಝಡ್‌ಗೆ ಮುಗಿಯುತ್ತದೆ. ಡಿ, ಇ, ಎಫ್ ಪೂರ್ತಿ ಬಣ್ಣವಿಲ್ಲದವು. ಜಿಯಿಂದ ಜೆ ತನಕ ಹೆಚ್ಚುಕಮ್ಮಿ ಬಣ್ಣವಿಲ್ಲದವು. ಆಮೇಲೆ ಹಳದಿ ಛಾಯೆ ಕಾಣತೊಡಗುತ್ತದೆ. ಹಳದಿ ಚಿನ್ನದಲ್ಲಿ ಕೂರಿಸಿದ ಓಲೆಗೆ ಜಿ ಅಥವಾ ಎಚ್ ಧಾರಾಳವಾಗಿ ಸಾಕು. ಸುತ್ತಲಿನ ಚಿನ್ನದ ಹಳದಿಯೇ ಕಲ್ಲಿನೊಳಗೆ ಕಾಣುವಾಗ ಡಿ ಬಣ್ಣಕ್ಕೆ ಕೊಟ್ಟ ದುಡ್ಡು ಎಲ್ಲಿ ಹೋಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಬಿಳಿ ಚಿನ್ನ ಅಥವಾ ಪ್ಲಾಟಿನಂ ಆದರೆ ಒಂದೆರಡು ಮೆಟ್ಟಿಲು ಮೇಲೆ ಹೋಗಿ.

ಹದಿನಾಲ್ಕೂ ಎಚ್ ಆಗಿದ್ದರೆ ಚೆಂದ. ಹದಿಮೂರು ಎಫ್ ಇದ್ದು ಒಂದು ಜೆ ಸೇರಿಕೊಂಡಿದ್ದರೆ ಅದೊಂದೇ ಕಣ್ಣಿಗೆ ಚುಚ್ಚುತ್ತದೆ. ಓಲೆಯನ್ನು ಬಿಳಿ ಹಾಳೆಯ ಮೇಲೆ ಇಟ್ಟು, ಹಗಲು ಬೆಳಕಿನಲ್ಲಿ, ಮೇಲಿನಿಂದ ನೋಡದೆ ಪಕ್ಕದಿಂದ ನೋಡಿ. ಪ್ರಯೋಗಾಲಯದಲ್ಲೂ ಕಲ್ಲನ್ನು ಮಗುಚಿ ಇಟ್ಟೇ ಬಣ್ಣ ನೋಡುತ್ತಾರೆ, ಯಾಕೆಂದರೆ ಮೇಲ್ಮುಖದ ಹೊಳಪು ಬಣ್ಣವನ್ನು ಮರೆಸುತ್ತದೆ.

ಸಗಟು ವ್ಯಾಪಾರಿಗಳು ಸಣ್ಣ ಕಲ್ಲು ಕೊಳ್ಳುವಾಗ "ನೋ ಬಿಜಿಎಂ" ಅನ್ನುತ್ತಾರೆ. ಬ್ರೌನ್, ಗ್ರೀನ್, ಮಿಲ್ಕಿ ಛಾಯೆಯ ಕಲ್ಲು ಬೇಡ ಅಂತ ಅರ್ಥ. ಈ ಮಾತು ನೀವೂ ಒಮ್ಮೆ ಆಡಿ ನೋಡಿ. ಎದುರಿಗೆ ಕೂತವರ ಮಾತಿನ ಧಾಟಿಯೇ ಬದಲಾಗುತ್ತದೆ. ಅದರಲ್ಲೂ ಮಿಲ್ಕಿ, ಅಂದರೆ ಹಾಲು ಬೆರೆತಂತೆ ಮಸುಕಾದ ಕಲ್ಲು, ಒಳ್ಳೆ ಕ್ಲಾರಿಟಿ ಗ್ರೇಡ್ ಹೇಳಿಸಿಕೊಂಡೂ ಸತ್ತಂತೆ ಕಾಣಬಹುದು.

ಬ್ಲೂ ಜಾಗರ್ ಅನ್ನುವ ಮಾಯೆ

ಇದಕ್ಕೆ ಹಂತದ ನಂಬರ್ ಕೊಟ್ಟಿಲ್ಲ, ಯಾಕೆಂದರೆ ಇದು ದಕ್ಷಿಣ ಭಾರತದ್ದೇ ವಿಶೇಷ. "ಇದು ಬ್ಲೂ ಜಾಗರ್ ಮೇಡಂ, ರೇಟ್ ಜಾಸ್ತಿ." ದಕ್ಷಿಣ ಆಫ್ರಿಕಾದ ಜಾಗರ್ಸ್‌ಫಾಂಟೈನ್ ಗಣಿಯಿಂದ ಬಂದ ಹೆಸರದು. 1893ರಲ್ಲಿ 995 ಕ್ಯಾರೆಟ್ಟಿನ ಎಕ್ಸೆಲ್ಸಿಯರ್ ವಜ್ರ ಸಿಕ್ಕಿದ್ದೂ ಅಲ್ಲೇ. ಬಿಳಿ ಕಲ್ಲಿನಲ್ಲಿ ತೆಳು ನೀಲಿ ಝಳಕು ಕಾಣುವ ವಜ್ರಗಳಿಗೆ ಆ ಗಣಿ ಹೆಸರುವಾಸಿಯಾಗಿತ್ತು. ಈಗ ಅದೇ ಹೆಸರನ್ನು ಎಲ್ಲಿಂದಲೋ ಬಂದ ಕಲ್ಲಿಗೂ ಅಂಟಿಸುತ್ತಾರೆ.

ಆ ನೀಲಿಗೆ ಕಾರಣ ಫ್ಲೋರೆಸೆನ್ಸ್. ಕೆಲವು ವಜ್ರಗಳು ನೇರಳಾತೀತ (ಯುವಿ) ಬೆಳಕಿನಲ್ಲಿ ನೀಲಿಯಾಗಿ ಮಿನುಗುತ್ತವೆ. ಬಿಸಿಲಿನಲ್ಲೂ ಆ ಬೆಳಕು ಇರುವುದರಿಂದ ಹೊರಗೆ ಬಂದಾಗ ಕಲ್ಲು ಇನ್ನಷ್ಟು ಬೆಳ್ಳಗೆ ಕಾಣುತ್ತದೆ. ವರದಿಯಲ್ಲಿ ಇದನ್ನು ನನ್, ಫೇಂಟ್, ಮೀಡಿಯಂ, ಸ್ಟ್ರಾಂಗ್, ವೆರಿ ಸ್ಟ್ರಾಂಗ್ ಅಂತ ಬರೆಯುತ್ತಾರೆ. ತಮಾಷೆ ಏನೆಂದರೆ, ಹೊರದೇಶದ ಮಾರುಕಟ್ಟೆಯಲ್ಲಿ ಡಿ, ಇ, ಎಫ್ ಬಣ್ಣದ ಕಲ್ಲಿಗೆ ಸ್ಟ್ರಾಂಗ್ ಫ್ಲೋರೆಸೆನ್ಸ್ ಇದ್ದರೆ ಸಾಮಾನ್ಯವಾಗಿ ಬೆಲೆ ಇಳಿಯುತ್ತದೆ. ಇಲ್ಲಿ ಅದೇ ಗುಣಕ್ಕೆ ಜಾಸ್ತಿ ಕೇಳುತ್ತಾರೆ!

ಇಷ್ಟವಿದ್ದರೆ ಕೊಳ್ಳಿ, ಬಿಸಿಲಿನಲ್ಲಿ ನಿಜಕ್ಕೂ ಚೆನ್ನಾಗಿ ಕಾಣುತ್ತದೆ. ಆದರೆ ಎರಡು ಪರೀಕ್ಷೆ ಮಾಡಿ. ನೋಟು ನೋಡುವ ಯುವಿ ಲೈಟು ಹೆಚ್ಚಿನ ಅಂಗಡಿಗಳಲ್ಲಿ ಇರುತ್ತದೆ, ಅದರ ಕೆಳಗೆ ಓಲೆ ಹಿಡಿಯಿರಿ. ಬ್ಲೂ ಜಾಗರ್ ಅಂದವರ ಓಲೆಯಲ್ಲಿ ಹದಿನಾಲ್ಕೂ ಒಂದೇ ಸಮ ನೀಲಿಯಾಗಬೇಕು. ನಾಲ್ಕು ನೀಲಿ, ಉಳಿದವು ಕತ್ತಲೆ ಅಂದರೆ ಜೋಡಿಸಿದ್ದು ಸರಿಯಿಲ್ಲ. ಎರಡನೆಯದು, ಬಿಸಿಲಿನಲ್ಲಿ ಕಲ್ಲು ಮಂಜು ಕವಿದಂತೆ ಆಗುತ್ತದಾ ನೋಡಿ. ಹಾಗಾದರೆ ಬಿಟ್ಟುಬಿಡಿ.

ಹಂತ 4: ಕ್ಲಾರಿಟಿ, ಕರಿ ಚುಕ್ಕೆ ಮತ್ತು ಮನೆಯ ಹಿರಿಯರು

ಒಟ್ಟು ಹನ್ನೊಂದು ಗ್ರೇಡ್, ಮೇಲಿನಿಂದ ಕೆಳಕ್ಕೆ. ಎಫ್‌ಎಲ್, ಐಎಫ್, ವಿವಿಎಸ್ 1 ಮತ್ತು 2, ವಿಎಸ್ 1 ಮತ್ತು 2, ಎಸ್‌ಐ 1 ಮತ್ತು 2, ಕೊನೆಗೆ ಐ 1, 2, 3. ಇವೆಲ್ಲ ಹತ್ತು ಪಟ್ಟು ದೊಡ್ಡದು ಮಾಡಿ ನೋಡಿದಾಗಿನ ಲೆಕ್ಕ. ಬರಿಗಣ್ಣಿಗೆ 7 ಸೆಂಟಿನ ಕಲ್ಲಿನಲ್ಲಿ ವಿವಿಎಸ್‌ಗೂ ವಿಎಸ್‌ಗೂ ಏನೂ ವ್ಯತ್ಯಾಸ ಕಾಣುವುದಿಲ್ಲ. ನನ್ನನ್ನು ಕೇಳಿದರೆ ವಿಎಸ್ ಸಾಕು, ಮಿಕ್ಕ ದುಡ್ಡು ಕಟಿಂಗಿಗೆ ಹಾಕಿ.

ಲೂಪ್ ಕೇಳಿ ಪಡೆಯಿರಿ. ಅದು ಹತ್ತು ಪಟ್ಟು ತೋರಿಸುವ ಪುಟ್ಟ ಮಸೂರ. ಅದನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು, ಆಮೇಲೆ ಓಲೆಯನ್ನು ಒಂದು ಇಂಚಿನಷ್ಟು ದೂರಕ್ಕೆ ತನ್ನಿ. ಹೊಸಬರು ಮಸೂರವನ್ನು ಓಲೆಯ ಮೇಲೆ ಹಿಡಿದು ತಾವು ದೂರ ನಿಲ್ಲುತ್ತಾರೆ, ಆಗ ಏನೂ ಕಾಣುವುದಿಲ್ಲ. ಮಧ್ಯದ ಚಪ್ಪಟೆ ಮುಖದ ಕೆಳಗೆ ಕಪ್ಪು ಚುಕ್ಕೆ ಇದೆಯಾ, ಅಂಚಿನಲ್ಲಿ ಬಿರುಕು ಇದೆಯಾ ನೋಡಿ. ಅಂಚಿಗೆ ಬಂದು ತಲುಪಿದ ಬಿರುಕು ಅಪಾಯ. ವಜ್ರ ಗಟ್ಟಿ ನಿಜ, ಆದರೆ ಏಟು ಬಿದ್ದರೆ ಸಿಪ್ಪೆ ಏಳುತ್ತದೆ.

ಇನ್ನು ಹಿರಿಯರ ಮಾತು. "ವಜ್ರ ಎಲ್ಲರಿಗೂ ಆಗಿಬರಲ್ಲ, ಕರಿ ಚುಕ್ಕೆ ಇರಬಾರದು." ಬಿಂದು, ರೇಖೆ, ಕಾಗೆಯ ಕಾಲಿನ ಗುರುತಿನಂಥ ಕಾಕಪಾದ ಇವೆಲ್ಲ ಹಳೆಯ ರತ್ನಶಾಸ್ತ್ರಗಳಲ್ಲೇ ದೋಷ ಅಂತ ಎಣಿಸಿದ್ದು. ನಂಬಿಕೆ ನಿಮಗಿದೆಯೋ ಇಲ್ಲವೋ ನನಗೆ ಬೇಡ. ಓಲೆ ತಂದ ಮೇಲೆ ಅತ್ತೆಯವರು ಮುಖ ಸಿಂಡರಿಸುವುದಕ್ಕಿಂತ ಮೊದಲೇ "ಬ್ಲ್ಯಾಕ್ ಇರುವ ಕಲ್ಲು ಬೇಡ" ಅಂತ ಹೇಳಿಬಿಡುವುದು ಒಳ್ಳೆಯದು, ಅಲ್ವಾ? ಒಂದೇ ಗ್ರೇಡಿನಲ್ಲೂ ಕಪ್ಪು ಚುಕ್ಕೆಯ ಕಲ್ಲೂ ಇರುತ್ತದೆ, ಬಿಳಿ ಗುರುತಿನದೂ ಇರುತ್ತದೆ. ಬಿಳಿಯದನ್ನೇ ಆರಿಸಿಕೊಳ್ಳಿ.

ಕೆಲವು ಅಂಗಡಿಯವರು ಪರಿಚಯದವರಿಗೆ ಒಡವೆಯನ್ನು ಕೆಲವು ದಿನ ಮನೆಯಲ್ಲಿಟ್ಟು "ಆಗಿಬರುತ್ತಾ" ನೋಡಲು ಕೊಡುವುದುಂಟು. ಸಿಕ್ಕರೆ ಬಿಡಬೇಡಿ. ದೇವರ ಮುಂದೆ ಇಡಿ, ಜೊತೆಗೆ ಒಂದು ರತ್ನ ಪರೀಕ್ಷಾ ಪ್ರಯೋಗಾಲಯಕ್ಕೂ ಒಯ್ದು ತೋರಿಸಿ.

ಹಂತ 5: ಅಸಲಿ ಯಾವುದು

ಅಮೆರಿಕನ್ ಡೈಮಂಡ್, ಅಂದರೆ ಕ್ಯೂಬಿಕ್ ಝಿರ್ಕೋನಿಯಾ, ಅಂಗಡಿಯ ಡೈಮಂಡ್ ಟೆಸ್ಟರಿನಲ್ಲೇ ಸಿಕ್ಕಿಬೀಳುತ್ತದೆ. ವಜ್ರದ ಹಾಗೇ ಕಾಣುವ ಇನ್ನೊಂದು ಕಲ್ಲು ಮೊಯ್ಸನೈಟ್, ಅದು ಹಾಗಲ್ಲ. ಆ ಟೆಸ್ಟರ್ ಶಾಖ ಎಷ್ಟು ಬೇಗ ಹರಿಯುತ್ತದೆ ಅಂತ ಅಳೆಯುವುದು, ಮೊಯ್ಸನೈಟ್ ಅದರಲ್ಲಿ ಪಾಸಾಗಿಬಿಡುತ್ತದೆ. ಲೂಪಿನಲ್ಲಿ ಸ್ವಲ್ಪ ವಾಲಿಸಿ ನೋಡಿದರೆ ಅದರ ಹಿಂದಿನ ಗೆರೆಗಳು ಎರಡೆರಡಾಗಿ ಕಾಣುತ್ತವೆ, ವಜ್ರದಲ್ಲಿ ಹಾಗಾಗುವುದಿಲ್ಲ.

ಲ್ಯಾಬ್ ವಜ್ರದ ವಿಷಯ ಬೇರೆ. ಅದು ನಕಲಿ ಅಲ್ಲ, ಅದೂ ಇಂಗಾಲವೇ, ವಜ್ರವೇ. ಸಿವಿಡಿ (ಅನಿಲದಿಂದ ಪದರ ಪದರವಾಗಿ) ಅಥವಾ ಎಚ್‌ಪಿಎಚ್‌ಟಿ (ಭಾರಿ ಒತ್ತಡ, ಶಾಖದಲ್ಲಿ) ವಿಧಾನದಲ್ಲಿ ಕಾರ್ಖಾನೆಯಲ್ಲಿ ಬೆಳೆಸಿದ್ದು, ಅಷ್ಟೇ. 2023ರಲ್ಲಿ ಪ್ರಧಾನಿ ಮೋದಿಯವರು ಜಿಲ್ ಬೈಡನ್ ಅವರಿಗೆ ಕೊಟ್ಟ 7.5 ಕ್ಯಾರೆಟ್ಟಿನ ಹಸಿರು ವಜ್ರವೂ ಇದೇ ಜಾತಿ. ಬೆಲೆ ಗಣಿ ವಜ್ರಕ್ಕಿಂತ ಬಹಳ ಕಮ್ಮಿ, ಇನ್ನೂ ಇಳಿಯುತ್ತಲೇ ಬಂದಿದೆ. ಹಾಗಾಗಿ ಮಾರಲು ಹೋದರೆ ಕೈಗೆ ಬರುವುದು ಅಷ್ಟಕ್ಕಷ್ಟೇ. ಹಾಕಿಕೊಳ್ಳುವ ಆಸೆಗೆ ಕೊಳ್ಳುವವರಿಗೆ ಒಳ್ಳೆ ಆಯ್ಕೆ. ಗೊತ್ತಿದ್ದು ಕೊಳ್ಳಿ, ಅಷ್ಟೇ ನನ್ನ ಮಾತು. ಬರಿಗಣ್ಣಿಗಾಗಲಿ ಲೂಪಿಗಾಗಲಿ ಇದು ಗೊತ್ತಾಗುವುದಿಲ್ಲ, ಸಣ್ಣ ಕಲ್ಲುಗಳ ಪೊಟ್ಟಣದಲ್ಲಿ ಗಣಿಯದೂ ಲ್ಯಾಬಿನದೂ ಬೆರೆತು ಬರುವ ಭಯ ವ್ಯಾಪಾರಿಗಳಿಗೇ ಇದೆ. ಅದಕ್ಕೆಂದೇ ಪ್ರಯೋಗಾಲಯಗಳಲ್ಲಿ ಸ್ಕ್ರೀನಿಂಗ್ ಯಂತ್ರಗಳಿವೆ. "ಹದಿನಾಲ್ಕೂ ನ್ಯಾಚುರಲ್" ಅಂತ ಬಿಲ್ಲಿನಲ್ಲೇ ಬರೆಸಿಕೊಳ್ಳಿ.

ಹಂತ 6: ಕೂರಿಸಿದ ರೀತಿ

ಹಳೆಯ ಕ್ರಮದ ಕ್ಲೋಸ್ ಸೆಟ್ಟಿಂಗಿನಲ್ಲಿ ಕಲ್ಲಿನ ಹಿಂಭಾಗ ಚಿನ್ನದಿಂದ ಮುಚ್ಚಿರುತ್ತದೆ. ನೋಡಲು ಗಂಭೀರ, ಅಜ್ಜಿಯ ಓಲೆಯ ಚೆಲುವು ಇರುತ್ತದೆ. ಆದರೆ ಕಲ್ಲಿನ ಹಿಂದೆ ಏನಿದೆ, ಬಣ್ಣ ಏನು, ಆಳ ಎಷ್ಟು, ಒಂದೂ ಕಾಣುವುದಿಲ್ಲ. ನೀರು, ಎಣ್ಣೆ ಒಳಗೆ ಸೇರಿದರೆ ತೆಗೆಯುವುದೂ ಕಷ್ಟ. ಕ್ಲೋಸ್ ಸೆಟ್ಟಿಂಗೇ ಬೇಕು ಅಂದರೆ ಬಿಡಿ ಕಲ್ಲುಗಳನ್ನು ಮೊದಲು ನೋಡಿ, ತೂಗಿಸಿ, ಬರೆದುಕೊಂಡು ಆಮೇಲೆ ಮಾಡಿಸಲು ಕೊಡಿ. ರೆಡಿಮೇಡ್ ಕೊಳ್ಳುವುದಾದರೆ ಹಿಂಭಾಗ ತೆರೆದ ಓಪನ್ ಸೆಟ್ಟಿಂಗ್ ಸರಿ.

ತಿರುಪು ಮರೆಯಬೇಡಿ. ಇಷ್ಟು ಬೆಲೆಯ ಓಲೆ ಕಿವಿಯಲ್ಲಿ ನಿಲ್ಲುವುದು ಆ ತಿರುಪಿನ ಮೇಲೆ. ಅಂಗಡಿಯಲ್ಲೇ ನಾಲ್ಕೈದು ಸಲ ತಿರುಗಿಸಿ ಹಾಕಿ ತೆಗೆದು ನೋಡಿ, ಸಡಿಲ ಅನ್ನಿಸಿದರೆ ಅಲ್ಲೇ ಬದಲಾಯಿಸಿ.

ಹಂತ 7: ಕಾಗದ ಮತ್ತು ಬಿಲ್

ಹಾಲ್‌ಮಾರ್ಕ್ ಇದೆಯಲ್ಲ ಅಂತ ಸಮಾಧಾನ ಪಟ್ಟುಕೊಳ್ಳಬೇಡಿ. ಬಿಐಎಸ್ ಹಾಲ್‌ಮಾರ್ಕ್ ಹೇಳುವುದು ಚಿನ್ನದ ಶುದ್ಧತೆ ಮಾತ್ರ, ವಜ್ರದ ಬಗ್ಗೆ ಅದು ಒಂದಕ್ಷರವನ್ನೂ ಹೇಳುವುದಿಲ್ಲ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆಯ ಮೇಲೆ ಆರು ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ ಎಚ್‌ಯುಐಡಿ ಇರಬೇಕು. ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ನೋಡಿ. ಶುದ್ಧತೆಯ ಗುರುತು 18 ಕ್ಯಾರೆಟ್ ಆದರೆ 750, 14 ಆದರೆ 585, 22 ಆದರೆ 916 ಅಂತ ಇರುತ್ತದೆ.

ವಜ್ರಕ್ಕೆ ಬೇರೆ ಸರ್ಟಿಫಿಕೇಟ್ ಬೇಕು. ಜಿಐಎ, ಐಜಿಐ, ಎಸ್‌ಜಿಎಲ್ ಪ್ರಯೋಗಾಲಯಗಳ ಹೆಸರು ಕೇಳಿರುತ್ತೀರಿ. ಅಂಗಡಿಯ ಸ್ವಂತ ಕಾರ್ಡು ಸರ್ಟಿಫಿಕೇಟ್ ಅಲ್ಲ. ಪೂರ್ತಿ ಓಲೆಗೆ ಕೊಟ್ಟ ವರದಿಯಲ್ಲಿ ಬಣ್ಣ, ಕ್ಲಾರಿಟಿ ಎರಡೂ "ಇಲ್ಲಿಂದ ಇಲ್ಲಿಯವರೆಗೆ" ಅಂತ ಇರಬಹುದು. ಚಿನ್ನದಲ್ಲಿ ಕೂರಿಸಿದ ಮೇಲೆ ಅದಕ್ಕಿಂತ ನಿಖರವಾಗಿ ಹೇಳುವುದು ಅವರಿಗೂ ಕಷ್ಟ. ಆದರೆ ಆ ಅಂತರ ತೀರಾ ಅಗಲ ಇದ್ದರೆ, ಉದಾಹರಣೆಗೆ ಬಣ್ಣ ಇಯಿಂದ ಐ ತನಕ ಅಂತಿದ್ದರೆ, ಬೆಲೆಯನ್ನು ಕೆಳಗಿನ ಗ್ರೇಡಿನ ಲೆಕ್ಕದಲ್ಲೇ ಚೌಕಾಸಿ ಮಾಡಿ. ವರದಿಯ ನಂಬರನ್ನು ಆ ಪ್ರಯೋಗಾಲಯದ ವೆಬ್‌ಸೈಟಿನಲ್ಲಿ ಅಲ್ಲೇ ಕೂತು ಪರೀಕ್ಷಿಸಿ.

ಬಿಲ್ಲಿನಲ್ಲಿ ಲೆಕ್ಕ ಬಿಡಿಬಿಡಿಯಾಗಿ ಬೇಕು. ಒಂದು ಉದಾಹರಣೆ ನೋಡೋಣ. ಓಲೆಯ ಒಟ್ಟು ತೂಕ 6.400 ಗ್ರಾಂ, ವಜ್ರ 1 ಕ್ಯಾರೆಟ್, ಅಂದರೆ 0.200 ಗ್ರಾಂ. ಚಿನ್ನದ ನಿವ್ವಳ ತೂಕ 6.200 ಗ್ರಾಂ. ಈ 0.200 ಕಳೆಯದಿದ್ದರೆ ವಜ್ರಕ್ಕೆ ವಜ್ರದ ದುಡ್ಡೂ ಕೊಟ್ಟು ಚಿನ್ನದ ದುಡ್ಡೂ ಕೊಟ್ಟಂತೆ. ಇನ್ನು ದರ. 22 ಕ್ಯಾರೆಟ್ ಚಿನ್ನ ಗ್ರಾಂಗೆ 10,000 ರೂಪಾಯಿ ಅಂತ ಸುಮ್ನೆ ಲೆಕ್ಕಕ್ಕೆ ಇಟ್ಟುಕೊಳ್ಳಿ. ಆಗ 18 ಕ್ಯಾರೆಟ್ಟಿಗೆ ಸುಮಾರು 8,180. ಓಲೆ 18 ಕ್ಯಾರೆಟ್ಟಿನದಾಗಿದ್ದು ಬೋರ್ಡಿನ 22ರ ದರ ಹಾಕಿದರೆ ಈ 6.200 ಗ್ರಾಂನಲ್ಲೇ 11 ಸಾವಿರಕ್ಕೂ ಜಾಸ್ತಿ ಕೈ ಬಿಡುತ್ತದೆ.

ಆಮೇಲೆ ವಜ್ರದ ತೂಕ, ಕಲ್ಲಿನ ಎಣಿಕೆ, ಬಣ್ಣ, ಕ್ಲಾರಿಟಿ, ಕ್ಯಾರೆಟ್ಟಿನ ದರ. ಅದರ ಕೆಳಗೆ ಮೇಕಿಂಗ್ ಚಾರ್ಜ್, ಕೊನೆಗೆ ಶೇ. 3 ಜಿಎಸ್‌ಟಿ. ಬಿಲ್ ಬೇಡ ಅಂದರೆ ಜಿಎಸ್‌ಟಿ ಉಳಿಯುತ್ತದೆ ಅಂತ ಯಾರಾದರೂ ಹೇಳಿದರೆ ಎದ್ದು ಬನ್ನಿ. ಬಿಲ್ ಇಲ್ಲದ ವಜ್ರವನ್ನು ನಾಳೆ ಅದೇ ಅಂಗಡಿಯವರು ಗುರುತಿಸುವುದಿಲ್ಲ. 2 ಲಕ್ಷ ದಾಟಿದರೆ ಪ್ಯಾನ್ ಕಾರ್ಡ್ ಬೇಕು, ನಗದಾಗಿ ಅಷ್ಟು ಕೊಡುವಂತೆಯೂ ಇಲ್ಲ.

ಬೈಬ್ಯಾಕ್, ಅಂದರೆ ಅಂಗಡಿಯವರೇ ಒಡವೆ ವಾಪಸ್ ಕೊಳ್ಳುವ ಷರತ್ತು, ಅಂಗಡಿಗೊಂದು ಥರ. ಕೇಳಬೇಕಾದ್ದು ಎರಡೇ: ಬದಲಿ ಒಡವೆ ತಗೊಂಡರೆ ವಜ್ರಕ್ಕೆ ಎಷ್ಟು ಶೇಕಡಾ, ನಗದು ಕೇಳಿದರೆ ಎಷ್ಟು? ಶೇಕಡಾ ಅಂದಾಗ ಯಾವ ಬೆಲೆಯ ಮೇಲೆ ಅಂತಲೂ ಕೇಳಿ, ಇವತ್ತಿನ ಬಿಲ್ಲಿನದೋ, ಮಾರುವ ದಿನದ್ದೋ. ಮೇಕಿಂಗ್ ಮತ್ತು ಜಿಎಸ್‌ಟಿ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಚಿನ್ನದ ಹಾಗೆ ವಜ್ರಕ್ಕೆ ಊರಿಗೆಲ್ಲ ಒಂದೇ ದರ ಇಲ್ಲ, ಹಾಗಾಗಿ ಬೇರೆ ಅಂಗಡಿಯಲ್ಲಿ ಮಾರಲು ಹೋದರೆ ಅವರು ಹೇಳಿದ್ದೇ ಬೆಲೆ. ಈ ಷರತ್ತು ಬಾಯಿಮಾತಿನಲ್ಲಿ ಬೇಡ. ಬಿಲ್ಲಿನ ಹಿಂದೆ ಬರೆಸಿ, ಸೀಲ್ ಹಾಕಿಸಿ.

ತಂದ ಮೇಲೆ

ಬಿಲ್ ಮತ್ತು ಸರ್ಟಿಫಿಕೇಟಿನ ಫೋಟೋ ತೆಗೆದು ಇಟ್ಟುಕೊಳ್ಳಿ, ಥರ್ಮಲ್ ಪೇಪರಿನ ಅಕ್ಷರ ಕೆಲವು ವರ್ಷಕ್ಕೆ ಮಾಸಿಹೋಗುತ್ತದೆ. ವಜ್ರಕ್ಕೆ ಜಿಡ್ಡು ಬೇಗ ಅಂಟುತ್ತದೆ. ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ, ಅರಿಶಿನ, ಕ್ರೀಮು ಎಲ್ಲ ಹಿಂಭಾಗದಲ್ಲಿ ಕೂತು ಹೊಳಪು ಸತ್ತಂತಾಗುತ್ತದೆ. ಓಪನ್ ಸೆಟ್ಟಿಂಗ್ ಆದರೆ ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಮೆತ್ತಗಿನ ಬ್ರಷ್ಷಿನಲ್ಲಿ ಹಿಂದಿನಿಂದ ಉಜ್ಜಿ. ಸಿಂಕಿನ ಮೇಲೆ ಮಾತ್ರ ಬೇಡ, ಬಟ್ಟಲಿನಲ್ಲಿ ಮಾಡಿ. ಕ್ಲೋಸ್ ಸೆಟ್ಟಿಂಗನ್ನು ನೀರಿಗೆ ಹಾಕಲೇಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಉಳಿದದ್ದನ್ನು ಅಂಗಡಿಯವರಿಗೆ ಬಿಡಿ. ಮತ್ತೆ, ಲಾಕರಿನಲ್ಲಿ ಎರಡು ಓಲೆಯನ್ನೂ ಒಂದೇ ಪೊಟ್ಟಣದಲ್ಲಿ ಸುತ್ತಿ ಇಡಬೇಡಿ. ವಜ್ರಕ್ಕೆ ಗೀರು ಹಾಕುವುದು ವಜ್ರವೇ.